ಹಾರ್ಟ್ ವಾಲ್ವ್ ಲೀಕ್ ಯಾಕ ಆಗ್ತದ? ನಮ್ಮಕ್ಕಗೂ ಅದ, ಕಾಕಾಗೂ ಅದ, ಇಬ್ಬರಿಗೂ ಕಾರಣ ಒಂದೇನಾ?

ಸಿಂಧನೂರಿನವ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮನ್ಯಾಗ ಇಬ್ಬರಿಗೆ ವಾಲ್ವ್ ಲೀಕ್ ಅದ ಅಂತ ಈ ವರ್ಷನ ಗೊತ್ತಾಗ್ಯದ, ಒಬ್ಬಾಕಿ ನಮ್ಮಕ್ಕ, 32 ವಯಸ್ಸು, ಇನ್ನೊಬ್ರು ನಮ್ಮ ಸಣ್ಣ ಕಾಕಾ, 54. ಅಕ್ಕಗ ಎರಡನೇ ಬಾಣಂತನ ಆದ ಮ್ಯಾಲ ದಮ್ಮು ಹತ್ತಾಕ ಶುರು ಆತು, ಕೊಡ ನೀರು ಎತ್ತಿ ನಾಕು ಮೆಟ್ಟಿಲು ಹತ್ತಿದ್ರ ಸಾಕು ನಿಂತು ಉಸುರು ತಗೋತಿದ್ಲು, ರಾತ್ರಿ ಅಡ್ಡಾದ್ರ ಕೆಮ್ಮು, ಎದ್ದು ಕುಂತ್ರ ಕಡಿಮಿ. ಮೊದಲ ಎಲ್ಲಾರೂ ಬಾಣಂತಿ ನಿತ್ರಾಣ, ರಕ್ತ ಕಡಿಮಿ ಅದ ಅಂದ್ರು, ಕಬ್ಬಿಣದ ಗುಳಿಗಿ ನುಂಗಿಸಿದ್ವಿ. ಕಡೀಕ ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸಿದಾಗ ಮಾಡರೇಟ್ ಎಂಆರ್ (ಮೈಟ್ರಲ್ ವಾಲ್ವ್ ಲೀಕ್), ಮೈಲ್ಡ್ ಎಂಎಸ್ (ಅದೇ ವಾಲ್ವ್ ಸಣ್ಣ ಆಗೋದು), ಮೈಟ್ರಲ್ ವಾಲ್ವ್ ದಪ್ಪ ಆಗ್ಯದ ಅಂತ ಬರದಾರ.

ಕಾಕಾಂದು ಬ್ಯಾರೆ ಕಥಿ. ಅವ್ರಿಗೆ ಎಂಥಾ ತ್ರಾಸೂ ಇದ್ದಿಲ್ಲ, ಭತ್ತದ ಗದ್ದಿಗೆ ದಿನಾ ಹೋಗ್ತಿದ್ರು. ಕಣ್ಣಿನ ಪೊರಿ ಆಪರೇಷನ್‌ಗೆ ಅಂತ ಹೋದಾಗ ಬಿಪಿ ನೋಡಿದ್ರ 160/50 ಬಂತು, ಮಷೀನ್ ಕೆಟ್ಟದ ಅಂತ ಇನ್ನೊಂದ್ರಾಗ ನೋಡಿದ್ರೂ ಹಂಗ ಬಂತು. ಅವ್ರು ಸುಮ್ನ ಕುಂತಾಗ ಕುತ್ತಿಗಿ ನರ ಬಡಿಯೋದು ಎದುರಿಗೆ ಕುಂತವ್ರಿಗೆ ಕಾಣ್ತದ, ನಾವು ಅದನ್ನ ಸಣ್ಣವ್ರಿದ್ದಾಗಿಂದ ನೋಡೀವಿ, ಯಾರೂ ತಲಿಗಿ ಹಚ್ಕೊಂಡಿದ್ದಿಲ್ಲ. ಎಕೋ ರಿಪೋರ್ಟ್‌ನಾಗ ಬೈಕಸ್ಪಿಡ್ ಅಯೋರ್ಟಿಕ್ ವಾಲ್ವ್, ಮಾಡರೇಟ್ ಎಆರ್ (ಅಯೋರ್ಟಿಕ್ ವಾಲ್ವ್ ಲೀಕ್) ಅಂತ ಅದ.

ಈಗ ಮನ್ಯಾಗ ಒಬ್ಬೊಬ್ರು ಒಂದೊಂದು ಹೇಳಾಕತ್ಯಾರ. ಅಕ್ಕನ ಅತ್ತಿ ಹೆರಿಗ್ಯಾಗ ಆಗ್ಯದ ಅಂತಾರ, ನಮ್ಮ ಮಾವ ಟೆನ್ಶನ್‌ನಿಂದ ಅಂತಾರ, ಬೀಗರ ಕಡೆಯವ್ರು ನಿಮ್ಮ ವಂಶದಾಗ ಐತಿ ಅಂದು ಅಕ್ಕನ ಮನಸ್ಸು ಭಾಳ ನೋಯಿಸ್ಯಾರ. ಡಾಕ್ಟರ್ ಗದ್ದಲದಾಗ ಇದ್ರು, ಮೂರು ತಿಂಗಳಿಗೆ ಬರ್ರಿ ಅಂದು ಗುಳಿಗಿ ಬರದು ಕೊಟ್ರು. ಹೆಣ್ಮಕ್ಕಳಿಗೆ ಯಾಕ ಬರ್ತದ, ಗಂಡಸರಿಗೆ ಯಾಕ ಬರ್ತದ, ಇದು ವಂಶದ ಬ್ಯಾನಿನಾ, ಮಕ್ಕಳಿಗೆ ಟೆಸ್ಟ್ ಮಾಡಿಸ್ಬೇಕಾ? ಗೊತ್ತಿದ್ದವ್ರು ದಯವಿಟ್ಟು ಹೇಳ್ರಿ.

ಬಳ್ಳಾರಿ ಎಕೋ ರೂಮ್

ಸಿಂಧನೂರು ಅಣ್ಣಾರೆ, ನಾನು ಬಳ್ಳಾರಿಯಲ್ಲಿ ಎಕೋ ಟೆಕ್ನಿಷಿಯನ್, ಡಾಕ್ಟರ್ ಅಲ್ಲ, ಆದ್ರೆ ದಿನಾ ಬೆಳಿಗ್ಗೆಯಿಂದ ಸಂಜೆ ತನಕ ಇದನ್ನೇ ನೋಡೋದು. ಮೊದಲನೇ ಮಾತು, ನಿಮ್ಮ ಅಕ್ಕಂದು ಕಾಕಾಂದು ಎರಡೂ ಲೀಕೇ ಆದ್ರೂ ಕಾಯಿಲೆ ಬೇರೆ ಬೇರೆ. ರಿಪೋರ್ಟಲ್ಲಿ ಲೀಕ್ ಅಂತ ಬರೆಯೋದು ರಕ್ತ ವಾಪಸ್ ಬರ್ತಿದೆ ಅನ್ನೋದನ್ನ ಮಾತ್ರ, ಯಾಕೆ ಬರ್ತಿದೆ ಅನ್ನೋದು ಇನ್ನೊಂದು ಪ್ರಶ್ನೆ, ಅದನ್ನ ನಮ್ಮ ಜನ ಕೇಳೋದೇ ಇಲ್ಲ. ಟ್ರೀಟ್ಮೆಂಟ್ ಎಲ್ಲಾ ನಿಂತಿರೋದು ಆ ಎರಡನೇ ಪ್ರಶ್ನೆ ಮೇಲೆ.

ನೀವು ಬರೆದಿರೋ ರಿಪೋರ್ಟ್ ಪ್ರಕಾರ ಅಕ್ಕಂದು ರುಮ್ಯಾಟಿಕ್ ಅನ್ಸುತ್ತೆ. ಲೀಕ್ ಜೊತೆ ಸ್ವಲ್ಪ ಸಣ್ಣದೂ ಆಗಿದೆ, ದಪ್ಪ ಆಗಿದೆ ಅಂದ್ರೆ ನಮ್ಮ ಕಡೆ ಈ ವಯಸ್ಸಿನ ಹೆಣ್ಮಕ್ಕಳಲ್ಲಿ ಬಹುತೇಕ ಅದೇ ಇರುತ್ತೆ. ಸ್ಕ್ರೀನಲ್ಲಿ ನೋಡಿದ್ರೆ ಗೊತ್ತಾಗುತ್ತೆ, ಮೈಟ್ರಲ್ ವಾಲ್ವಿನ ಎರಡು ಎಸಳು ತುದಿಯಲ್ಲಿ ಗಟ್ಟಿಯಾಗಿ, ಅಂಚಲ್ಲಿ ಒಂದಕ್ಕೊಂದು ಅಂಟಿಕೊಂಡು, ಪೂರ್ತಿ ತೆರೆಯೋದೂ ಇಲ್ಲ ಪೂರ್ತಿ ಮುಚ್ಚೋದೂ ಇಲ್ಲ, ಕಲರ್ ಹಾಕಿದಾಗ ಹಾರ್ಟ್ ಕುಗ್ಗಿದಾಗೆಲ್ಲ ಕೆಳಗಿನ ಕೋಣೆಯಿಂದ ಮೇಲಿನ ಕೋಣೆಗೆ ನೀಲಿ ಹಳದಿ ಕಲೆಸಿದ ಒಂದು ಚಿಲುಮೆ ಚಿಮ್ಮುತ್ತೆ. ಇದು ಶುರುವಾಗೋದು ಚಿಕ್ಕಂದಿನಲ್ಲಿ, 5ರಿಂದ 15 ವಯಸ್ಸಿನ ಒಳಗೆ, ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಅದಾಗಿ ಎರಡು ಮೂರು ವಾರಕ್ಕೆ ಜ್ವರ, ಕೀಲು ಬಾವು. ಕೀಲು ನೋವು ಏನೂ ಮಾಡದಿದ್ರೂ ವಾಸಿಯಾಗುತ್ತೆ, ಅದಕ್ಕೇ ಮರೆತುಬಿಡ್ತಾರೆ, ಆದ್ರೆ ಆ ಬ್ಯಾಕ್ಟೀರಿಯಾ ಮೇಲೆ ಹೋರಾಡೋಕೆ ಹೊರಟ ನಮ್ಮದೇ ದೇಹದ ಶಕ್ತಿ ತಪ್ಪಾಗಿ ಹಾರ್ಟ್ ಮೇಲೂ ಬಿದ್ದಿರುತ್ತೆ, ವಾಲ್ವ್ ಮೇಲಿನ ಆ ಗಾಯ ಉಳಿದು ಹತ್ತಿಪ್ಪತ್ತು ವರ್ಷ ಆದ ಮೇಲೆ ಹೊರಗೆ ಕಾಣುತ್ತೆ. ಹೆಣ್ಮಕ್ಕಳಲ್ಲಿ ಗಂಡಸರಿಗಿಂತ ಜಾಸ್ತಿ ಸಿಗೋದು ಇದೇ, ಅದರಲ್ಲೂ ವಾಲ್ವ್ ಸಣ್ಣ ಆಗೋದು. ನಿಮ್ಮ ಅಮ್ಮನ್ನ ಕೇಳಿ ನೋಡಿ, ಅಕ್ಕ ಸ್ಕೂಲಿಗೆ ಹೋಗೋವಾಗ ಮೊಣಕಾಲು ಗಿಣಕಾಲು ಬಾತಿತ್ತಾ ಅಂತ.

ಹೆರಿಗೆಯಿಂದ ವಾಲ್ವ್ ಹಾಳಾಗಿಲ್ಲ. ಬಸುರಿ ಇದ್ದಾಗ ಮೈಯಲ್ಲಿ ರಕ್ತ ಹೆಚ್ಚುಕಮ್ಮಿ ಅರ್ಧದಷ್ಟು ಜಾಸ್ತಿ ಆಗುತ್ತೆ, ಅಲ್ಲಿ ತನಕ ಹೇಗೋ ತಡ್ಕೊಂಡಿದ್ದ ಹಾರ್ಟಿಗೆ ಆಗ ಭಾರ ಬೀಳುತ್ತೆ, ಒಳಗಿದ್ದದ್ದು ಬಯಲಾಗುತ್ತೆ ಅಷ್ಟೆ. ಅತ್ತೆಯವರಿಗೆ ಇದನ್ನ ಬಿಡಿಸಿ ಹೇಳಿ.

ಇನ್ನು ಕಾಕಾ. ಅಯೋರ್ಟಿಕ್ ವಾಲ್ವಿಗೆ ಮೂರು ಎಸಳು ಇರಬೇಕು, ಅವರಿಗೆ ಹುಟ್ಟಿನಿಂದಲೇ ಎರಡು, ಬೈಕಸ್ಪಿಡ್ ಅಂದ್ರೆ ಅದು. 100 ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುತ್ತೆ, ಹೆಂಗಸರಿಗಿಂತ ಗಂಡಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ವರ್ಷಾನುಗಟ್ಟಲೆ ಏನೂ ಗೊತ್ತಾಗಲ್ಲ. ಲೀಕ್ ಆದಾಗ ಹೊರಗೆ ಹೋದ ರಕ್ತ ವಾಪಸ್ ಹಾರ್ಟಿಗೇ ಬೀಳೋದರಿಂದ ಬಿಪಿಯ ಕೆಳಗಿನ ನಂಬರ್ ಇಳಿಯುತ್ತೆ, 160/50 ಬಂದಿದ್ದು ಅದಕ್ಕೇ, ಕುತ್ತಿಗೆ ಬಡಿಯೋದೂ ಅದಕ್ಕೇ. ವಂಶದ ಮಾತು ಇಲ್ಲಿ ನಿಜ, ಆದ್ರೆ ಅಕ್ಕನ ವಿಷಯದಲ್ಲಿ ಅಲ್ಲ, ಕಾಕಾನ ವಿಷಯದಲ್ಲಿ. ಬೈಕಸ್ಪಿಡ್ ಇದ್ದವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಇವರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಇರಬಹುದು, ಅದಕ್ಕೆ ಅವರೆಲ್ಲ ಒಂದ್ಸಲ ಎಕೋ ಮಾಡಿಸೋದು ಒಳ್ಳೇದು. ನಿಮ್ಮ ತಂದೆ ಕಾಕಾನ ಒಡಹುಟ್ಟಿದವರು ತಾನೆ, ಅವರಿಗೂ ಮಾಡಿಸಿ. ಕಾಕಾಗೆ ಲೀಕ್ ಜೊತೆ ಅಯೋರ್ಟಾ ಅಗಲ ಎಷ್ಟಿದೆ ಅಂತಾನೂ ರಿಪೋರ್ಟಲ್ಲಿ ನೋಡಿ, ಈ ಎರಡು ಎಸಳಿನವರಿಗೆ ಆ ದೊಡ್ಡ ರಕ್ತನಾಳ ಹಿಗ್ಗೋ ಸ್ವಭಾವ ಇರುತ್ತೆ, ಮೇಲಿನ ಬಿಪಿ ಬೇರೆ ಜಾಸ್ತಿ ಇದೆ, ಬಿಪಿ ಹಿಡಿತದಲ್ಲಿ ಇಡೋದು ಮುಖ್ಯ.

ಯಲಬುರ್ಗಾ ರೈತ

ಸಿಸ್ಟರ್ ಭಾಳ ಛಲೋ ಬರದಾರ. ನನಗೂ ಲೀಕ್ ಐತ್ರಿ, ನಂದು ಮತ್ತ ಬ್ಯಾರೇನ ಕಾರಣ. ನನಗ ಹಾರ್ಟ್ ಅಟ್ಯಾಕ್ ಆಗಿತ್ತು, ಅದಾದ ಮ್ಯಾಲ ಎಕೋದಾಗ ಎಂಆರ್ ಬಂತು. ವಾಲ್ವ್ ಕೆಟ್ಟೇತೇನ್ರಿ ಸರ್ ಅಂತ ಕೇಳಿದ್ದಕ್ಕ ಡಾಕ್ಟ್ರು ಕಾಗದದ ಮ್ಯಾಲ ಚಿತ್ರ ಬರದು ತೋರಿಸಿದ್ರು, ಬಾಗಲ ಹಲಗಿ ಛಲೋನ ಐತಿ, ಚೌಕಟ್ಟು ಹಿಗ್ಗೇತಿ, ಅದಕ್ಕ ಎರಡೂ ಹಲಗಿ ಕೂಡವಲ್ವು ಅಂದ್ರು. ಅಟ್ಯಾಕ್‌ನ್ಯಾಗ ಹಾರ್ಟಿನ ಗೋಡಿ ಸ್ವಲ್ಪ ಸತ್ತು ಹಾರ್ಟ್ ದೊಡ್ಡದಾಗೇತಿ, ವಾಲ್ವನ್ನ ಕೆಳಗಿಂದ ಹಿಡದು ಎಳಿಯೋ ಸ್ನಾಯುನೂ ಜಾಗಾ ಬಿಟ್ಟು ಸರದೇತಿ. ಇಂಥಾದ್ದಕ್ಕ ಮೊದಲ ಹಾರ್ಟಿನ ಶಕ್ತಿ ಹೆಚ್ಚು ಮಾಡೋ ಗುಳಿಗಿ, ನೀರು ಇಳಿಸೋ ಗುಳಿಗಿ ಕೊಡ್ತಾರ, ನನಗ ಮೊದಲ ಮಾಡರೇಟ್ ಇದ್ದದ್ದು ಗುಳಿಗಿ ಬಿಡದ ತಗೊಂಡ ಮ್ಯಾಲ ಮೈಲ್ಡ್‌ಗೆ ಇಳದೈತಿ. ಸಿವಿಯರ್ ಇದ್ದು ಗುಳಿಗಿಗೂ ಬಗ್ಗಲಿಲ್ಲ ಅಂದ್ರ ತೊಡಿ ನರದಾಗಿಂದ ಹೋಗಿ ಕ್ಲಿಪ್ ಹಾಕೋದೂ ಬಂದೈತಿ, ಅದಕ್ಕ ರೊಕ್ಕ ಭಾಳ ಹತ್ತತೈತಿ.

ನಮ್ಮ ಕಡೆ ಗಂಡಸರ ಲೀಕಿಗೆ ಈ ಕಾರಣ ಸಣ್ಣದಲ್ಲ. ಬೀಡಿ, ಗುಟ್ಕಾ, ಸಕ್ಕರಿ ಕಾಯಿಲೆ, ಬಿಪಿ ಇಷ್ಟೂ ಇಟ್ಕೊಂಡು ಎದಿ ನೋವು ಬಂದ್ರ ಗ್ಯಾಸ್ ಅಂತ ಸೋಡಾ ಕುಡದು ಮಲಗ್ತಾರ. ಅಟ್ಯಾಕ್ ಆದಾಗ ಎಷ್ಟು ಲಗೂನ ಬ್ಲಾಕ್ ತಗಸ್ತೀರಿ ಅಷ್ಟು ಹಾರ್ಟ್ ಉಳೀತೈತಿ, ಹಾರ್ಟ್ ಉಳದ್ರ ಲೀಕೂ ಕಡಿಮಿ. ಕುಡಿಯೋದ್ರಿಂದ ಹಾರ್ಟ್ ದೊಡ್ಡದಾಗಿ ಇದೇ ಥರ ಲೀಕ್ ಆದವ್ರನ್ನೂ ವಾರ್ಡಿನ್ಯಾಗ ನೋಡೀನಿ. ಹೆಣ್ಮಕ್ಕಳಿಗೂ ಬರಂಗಿಲ್ಲ ಅಂತಿಲ್ಲ, ನನ್ನ ಬಾಜೂ ಬೆಡ್‌ನಾಗ ಒಬ್ಬಾಕಿ ಇದ್ಲು, ಹೆರಿಗಿ ಆಗಿ ಒಂದು ತಿಂಗಳಿಗೆ ಹಾರ್ಟ್ ಹಿಗ್ಗಿ ಲೀಕ್ ಆಗಿತ್ತು, ಆಕಿ ವಾಲ್ವೂ ಛಲೋನ ಇತ್ತಂತ. ಹಂಗಾಗಿ ಸಿಂಧನೂರು ತಮ್ಮಾ, ನಿಮ್ಮಕ್ಕನ ಇಎಫ್ (ಒಂದು ಬಡಿತಕ್ಕ ಹಾರ್ಟ್ ತನ್ನೊಳಗಿನ ರಕ್ತದಾಗ ನೂರಕ್ಕ ಎಷ್ಟು ಹೊರಗ ತಳ್ಳತೈತಿ ಅನ್ನೋ ಲೆಕ್ಕ) ಎಷ್ಟೈತಿ ನೋಡು, ಅದನ್ನ ನೀ ಬರದಿಲ್ಲ.

ಸಿರುಗುಪ್ಪ ೯೦ಸ್

ಮಧ್ಯದಲ್ಲಿ ಬಂದಿದ್ದಕ್ಕೆ ಸಾರಿ, ನಂಗೆ ಕಂಪನಿ ಹೆಲ್ತ್ ಚೆಕಪ್‌ನಲ್ಲಿ ಟ್ರಿವಿಯಲ್ ಟಿಆರ್, ಟ್ರಿವಿಯಲ್ ಎಂಆರ್ ಅಂತ ಬಂದೈತೆ, ವಯಸ್ಸು 29, ಆವತ್ತಿಂದ ನಿದ್ದೆ ಬರ್ತಿಲ್ಲ. ನಂದೂ ವಾಲ್ವ್ ಹೋಗೈತಾ?

ಬಳ್ಳಾರಿ ಎಕೋ ರೂಮ್

ಇಲ್ಲ ಸರ್. ಟ್ರಿವಿಯಲ್, ಟ್ರೇಸ್ ಅಂದ್ರೆ ಒಂದೆರಡು ಹನಿ ಅಷ್ಟೇ, ಚೆನ್ನಾಗಿರೋ ಹಾರ್ಟಲ್ಲೂ ಕಾಣುತ್ತೆ, ಅದರಲ್ಲೂ ಬಲಗಡೆ ಟ್ರೈಕಸ್ಪಿಡ್ ವಾಲ್ವಲ್ಲಿ (ಟಿಆರ್ ಅಂದ್ರೆ ಅದರ ಲೀಕ್) ತುಂಬಾ ಜನಕ್ಕೆ ಇರುತ್ತೆ. ಮಷೀನ್ ಸೂಕ್ಷ್ಮ ಇರೋದಕ್ಕೆ ತೋರಿಸುತ್ತೆ, ನಾವು ಬರೀಬೇಕು ಅಂತ ಬರೀತೀವಿ. ವಾಲ್ವ್ ನಾರ್ಮಲ್, ಇಎಫ್ ನಾರ್ಮಲ್ ಅಂತ ಇದ್ರೆ ಆರಾಮ ಮಲ್ಕೊಳ್ಳಿ. ಟಿಆರ್ ಮಾಡರೇಟ್, ಸಿವಿಯರ್ ಅಂತ ಬಂದಾಗ ಮಾತು ಬೇರೆ, ಅದು ಸಾಮಾನ್ಯವಾಗಿ ಎಡಗಡೆ ವಾಲ್ವ್ ಕೆಟ್ಟು ಶ್ವಾಸಕೋಶದ ಪ್ರೆಶರ್ ಏರಿದಾಗ, ಇಲ್ಲಾಂದ್ರೆ ಹಾರ್ಟ್ ಬಡಿತ ತಾಳ ತಪ್ಪಿ ಬಹಳ ದಿನ ಆದಾಗ ಬರುತ್ತೆ, ವಯಸ್ಸಾದ ಹೆಂಗಸರಲ್ಲಿ ಜಾಸ್ತಿ.

ಗಂಗಾವತಿ ಸುಮಾ

ನನ್ನದೂ ಹೇಳ್ತೀನಿ, ಹೆಣ್ಮಕ್ಕಳಿಗೆ ಉಪಯೋಗ ಆಗಬಹುದು. ನನಗೆ ಮೈಟ್ರಲ್ ವಾಲ್ವ್ ಪ್ರೊಲ್ಯಾಪ್ಸ್ ಐತಿ, ಅಂದ್ರ ವಾಲ್ವ್ ಮುಚ್ಚುವಾಗ ಎಸಳು ಹಿಂದಕ್ಕ ಉಬ್ಬತೈತಿ, ಆ ಸಂದಿನ್ಯಾಗ ಸ್ವಲ್ಪ ಲೀಕು. ಕಾಲೇಜಿನ್ಯಾಗ ಇದ್ದಾಗಿಂದ ಒಮ್ಮಿಂದೊಮ್ಮೆಲೆ ಎದಿ ಢವಢವ ಅನ್ನೋದು, ತೋರಿಸಿದಲ್ಲೆಲ್ಲ ಗ್ಯಾಸ್, ಟೆನ್ಶನ್, ಮದುವಿ ಮಾಡ್ರಿ ಸರಿ ಹೋಗತೈತಿ ಅಂತಾನೂ ಅಂದ್ರು. ಗಂಡಸೊಬ್ಬ ಎದಿ ಹಿಡ್ಕೊಂಡು ಬಂದ್ರ ಮೊದಲು ಇಸಿಜಿ ತಗೀತಾರ, ಹೆಣ್ಮಗಳು ಬಂದ್ರ ಮೊದಲು ಮನಿಯಾಗ ಏನಾರ ಜಗಳ ಆಗೇತೇನಮ್ಮ ಅಂತ ಕೇಳ್ತಾರ. ನನಗ ಇದರ ಬಗ್ಗೆ ಈಗಲೂ ಸಿಟ್ಟೈತಿ. ಸಿಂಧನೂರು ಅಣ್ಣನ ಅಕ್ಕಗೂ ಅದೇ ಆಗೇತಿ ನೋಡ್ರಿ, ದಮ್ಮಂದ್ರ ರಕ್ತ ಕಡಿಮಿ ಅಂದುಬಿಟ್ರು. ನಮ್ಮ ಕಡೆ ರಕ್ತ ಕಡಿಮಿ ಇರೋದು ಖರೇನ, ಆದ್ರ ಮಲಗಿದ್ರ ಕೆಮ್ಮು ಬಂದು ಕುಂತ್ರ ಹೋಗೋದು ರಕ್ತ ಕಡಿಮಿ ಲಕ್ಷಣ ಅಲ್ಲ.

ಬಸುರಿ ಇದ್ದಾಗ ಎಕೋದಾಗ ಗೊತ್ತಾತು, ಲೀಕ್ ಮೈಲ್ಡ್ ಇದ್ದದ್ದಕ್ಕ ನಾರ್ಮಲ್ ಹೆರಿಗಿನೇ ಆತು, ಹಾರ್ಟ್ ಡಾಕ್ಟ್ರೂ ಹೆರಿಗಿ ಡಾಕ್ಟ್ರೂ ಇಬ್ಬರೂ ನೋಡ್ತಿದ್ರು. ಲೀಕನ್ನ ಬಸುರಿ ಮೈ ಸ್ವಲ್ಪ ತಡಕೊಳ್ತೈತಿ, ವಾಲ್ವ್ ಸಣ್ಣ ಆದ್ರ ತಡಕೊಳ್ಳೋದು ಕಷ್ಟ ಅಂತ ಅವ್ರು ಹೇಳಿದ್ರು. ನಿಮ್ಮಕ್ಕಗ ಎರಡೂ ಐತಿ, ಮುಂದ ಮಕ್ಕಳ ವಿಚಾರ ಇದ್ರ ಮೊದಲ ಹಾರ್ಟ್ ಡಾಕ್ಟ್ರನ್ನ ಕೇಳಿನೇ. ನಮ್ಮ ವೈನಿಗೆ ಲೋಹದ ವಾಲ್ವ್ ಹಾಕ್ಯಾರ, ಅವ್ರಿಗೆ ದಿನಾ ರಕ್ತ ತೆಳು ಮಾಡೋ ವಾರ್ಫರಿನ್ ಗುಳಿಗಿ, ಬಸುರಿ ಆದ್ರ ಕೂಸಿಗೂ ತೊಂದ್ರಿ ತಾಯಿಗೂ ತೊಂದ್ರಿ ಅಂತ ವಾಲ್ವ್ ಹಾಕೋ ಮೊದಲೇ ಕುಂದ್ರಿಸಿ ತಿಳಿಸಿದ್ರು. ವಯಸ್ಸಿನ ಹೆಣ್ಮಕ್ಕಳಿಗೆ ಯಾವ ವಾಲ್ವ್ ಅನ್ನೋದು ಇದರ ಮ್ಯಾಲೇ ನಿಲ್ತೈತಿ.

ಇನ್ನೊಂದು, ಪ್ರೊಲ್ಯಾಪ್ಸ್ ಗಂಡಸರಿಗೂ ಬರತೈತಿ, ಅವ್ರಲ್ಲಿ ವಾಲ್ವನ್ನ ಹಿಡದಿರೋ ಎಳೆ ಹರದು ಲೀಕ್ ಒಮ್ಮೆಲೆ ಜೋರಾಗೋದು, ಆಪರೇಷನ್ ತನಕ ಹೋಗೋದು ಜಾಸ್ತಿ ಅಂತ. ಲೂಪಸ್ ಅಂತ ಒಂದು ಕಾಯಿಲೆ ಐತಿ, ಮುಖದ ಮ್ಯಾಲ ಕೆಂಪು ಕಲಿ, ಕೀಲು ನೋವು, ಕೂದಲ ಉದರೋದು, 10 ಜನಕ್ಕ ಬಂದ್ರ 9 ಹೆಣ್ಮಕ್ಕಳೇ, ಅದೂ ವಾಲ್ವಿಗೆ ತಗಲಬಹುದು. ಎದಿಗೆ ಕ್ಯಾನ್ಸರ್‌ಗೆ ಅಂತ ಕರೆಂಟ್ (ರೇಡಿಯೇಶನ್) ಕೊಡಿಸಿದವ್ರಿಗೆ ಎಷ್ಟೋ ವರ್ಷದ ಮ್ಯಾಲ ವಾಲ್ವ್ ಗಟ್ಟಿ ಆಗಿ ಲೀಕ್ ಆಗೋದೂ ಉಂಟು. ಹಳೇ ಟ್ರೀಟ್ಮೆಂಟ್ ಎಲ್ಲಾ ಡಾಕ್ಟ್ರಿಗೆ ಹೇಳ್ರಿ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಬಿಡಬ್ಯಾಡ್ರಿ.

ಮಸ್ಕಿ ಶರಣ

ಹೊಳೆಮತ್ತಿ ತೊಗಟಿ ಕಷಾಯ ಹಾಲಿನ್ಯಾಗ ಕಾಸಿ ಕುಡೀರಿ, ನಮ್ಮೂರಾಗ ಭಾಳ ಮಂದಿಗೆ ಕಮ್ಮಿ ಆಗ್ಯದ. ಇಂಗ್ಲಿಷ್ ಔಷಧ ಜೀವನಪೂರ್ತಿ ನುಂಗಬೇಕಾಗ್ತದ, ಬಿಡ್ರಿ ಅದನ್ನ.

ಬಳ್ಳಾರಿ ಎಕೋ ರೂಮ್

ಮಸ್ಕಿ ಅಣ್ಣಾರೆ, ನಿಮ್ಮ ಕಾಳಜಿ ಅರ್ಥ ಆಗುತ್ತೆ, ಆದ್ರೆ "ಬಿಡ್ರಿ ಅದನ್ನ" ಅನ್ನೋ ಮಾತು ದಯವಿಟ್ಟು ಹೇಳಬೇಡಿ. ಅಂಟಿಕೊಂಡ ಎಸಳನ್ನ ಬಿಡಿಸೋಕೆ, ಎರಡು ಎಸಳಿನ ವಾಲ್ವನ್ನ ಮೂರು ಮಾಡೋಕೆ ಯಾವ ಕಷಾಯಕ್ಕೂ ಆಗಲ್ಲ, ಮಾತ್ರೆಗೂ ಆಗಲ್ಲ. ಮಾತ್ರೆ ಮಾಡೋದು ಹಾರ್ಟ್ ಮೇಲಿನ ಭಾರ ಇಳಿಸೋ ಕೆಲಸ. ನೀರಿನ ಮಾತ್ರೆ, ಇಂಜೆಕ್ಷನ್ ನಿಲ್ಲಿಸಿ ಮೈಯೆಲ್ಲ ಬಾತು, ಉಸಿರು ಸಿಗದೆ ಅರ್ಧರಾತ್ರಿ ಎಮರ್ಜೆನ್ಸಿಗೆ ಬಂದವರನ್ನ ಸ್ಟ್ರೆಚರ್ ಮೇಲೇ ಎಕೋ ಮಾಡಿದ್ದೀನಿ, ಅದಕ್ಕೆ ಇಷ್ಟು ಹೇಳ್ತಿರೋದು.

ಸಿಂಧನೂರಿನವ

ಎಲ್ಲಾರಿಗೂ ಕೈ ಮುಗಿತೀನ್ರಿ. ಅವ್ವಗ ಕೇಳ್ದೆ. ಆಕಿ ಕೇಳಿದ ಕೂಡ್ಲೆ ಹೌದಂದ್ಲು, ಅಕ್ಕ ಆರನೇ ಕ್ಲಾಸಿದ್ದಾಗ ಜ್ವರ ಬಂದು ಬಲ ಮೊಣಕಾಲು ಬಾತಿತ್ತಂತ, ಅದು ಇಳದ ಮ್ಯಾಲ ಎಡಗಾಲು, ಆಮ್ಯಾಲ ಮುಂಗೈ ಗಂಟು, ಹೊದಿಕಿ ತಾಗಿದ್ರೂ ಚೀರ್ತಿದ್ಲಂತ. ವಾಯು ಅಂತ ಎಣ್ಣಿ ತಿಕ್ಕಿ ಬಿಸಿ ಮಳಲಿನ ಗಂಟು ಕಾಸಿದ್ರು, ತಾನಾಗೇ ಹೋತು, ಮುಂದ ಯಾರೂ ಅದರ ಮಾತ ತಗಿಲಿಲ್ಲ. ರಾಯಚೂರಾಗ ಮತ್ತೊಬ್ರು ಡಾಕ್ಟ್ರಿಗೆ ಇದನ್ನ ಹೇಳಿದ್ವಿ, ಅವ್ರು ರುಮ್ಯಾಟಿಕ್ಕೇ ಅಂದು 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಬರದಾರ. ಇಎಫ್ 58 ಅದ. ಈಗ ಮನ್ಯಾಗ ಆ ಇಂಜೆಕ್ಷನ್ ಡೇಂಜರ್, ಮಾಡಿದ ಕೂಡ್ಲೆ ಜೀವ ಹೋದವ್ರದಾರ ಅಂತ ಹೆದರಸಾಕತ್ಯಾರ, ಊರಾಗ ಆರ್‌ಎಂಪಿ ಡಾಕ್ಟ್ರೂ ನಾ ಮಾಡಂಗಿಲ್ಲ ಅಂದ್ರು. ಈಗ ವಾಲ್ವ್ ಕೆಟ್ಟೇ ಹೋಗ್ಯದ, ಇನ್ನ ಯಾಕ ಆ ಇಂಜೆಕ್ಷನ್ ಅಂತ ಅಕ್ಕನೂ ಕೇಳಾಕತ್ಯಾಳ.

ಬಳ್ಳಾರಿ ಎಕೋ ರೂಮ್

ಆರ್‌ಎಂಪಿ ಮಾಡಲ್ಲ ಅಂದಿದ್ದು ಒಳ್ಳೇದೇ ಆಯ್ತು, ಅದನ್ನ ಆಸ್ಪತ್ರೆಯಲ್ಲೇ ಮಾಡಿಸಬೇಕು. ಬೆಂಜಥೀನ್ ಪೆನ್ಸಿಲಿನ್ 12 ಲಕ್ಷ ಯೂನಿಟ್, ಸೊಂಟದ ಕೆಳಗೆ ದಪ್ಪ ಸೂಜಿಯಲ್ಲಿ ಕೊಡ್ತಾರೆ, ಎರಡು ದಿನ ನೋವಿರುತ್ತೆ. ಅಲರ್ಜಿ ನಿಜ, ಆದ್ರೆ ಅಪರೂಪ, ಅದಕ್ಕೇ ಮೊದಲು ಟೆಸ್ಟ್ ಡೋಸ್ ಕೊಟ್ಟು ನೋಡಿ, ಆದ ಮೇಲೂ ಅರ್ಧ ಗಂಟೆ ಕೂರಿಸ್ಕೋತಾರೆ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಈಗ ಯಾಕೆ ಅಂದ್ರೆ, ಆಗಿರೋ ಗಾಯ ಅಳಿಸೋಕಲ್ಲ, ಮತ್ತೆ ಗಂಟಲಿಗೆ ಆ ಬ್ಯಾಕ್ಟೀರಿಯಾ ಬಂದ್ರೆ ಅದೇ ವಾಲ್ವ್ ಮೇಲೆ ಇನ್ನೊಂದು ಪೆಟ್ಟು ಬೀಳುತ್ತೆ, ಪ್ರತಿ ಪೆಟ್ಟಿಗೂ ಲೀಕ್ ಇನ್ನಷ್ಟು ಏರಬಹುದು, ಅದನ್ನ ತಡೆಯೋಕೆ. ವಾಲ್ವಿಗೆ ತಗುಲಿದವರಿಗೆ ಕಡೇ ಸಲ ಜ್ವರ ಬಂದು 10 ವರ್ಷ ಆಗೋ ತನಕ ಇಲ್ಲಾ 40 ವಯಸ್ಸಿನ ತನಕ, ಎರಡರಲ್ಲಿ ಯಾವುದು ತಡವಾಗಿ ಬರುತ್ತೋ ಅಲ್ಲಿ ತನಕ ಕೊಡೋದು ರೂಢಿ, ಅಕ್ಕಂಗೆ ಎಲ್ಲಿ ತನಕ ಅಂತ ಡಾಕ್ಟರೇ ಹೇಳಬೇಕು. ಮನೇಲಿ ಪುಟ್ಟ ಮಕ್ಕಳಿದ್ದಾರೆ, ಅವರ ಗಂಟಲು ನೋವು ಇವರಿಗೆ ಬರೋದು ಸುಲಭ.

ಇಎಫ್ 58 ಅಂದ್ರೆ ಎಲ್ಲರೂ ನಾರ್ಮಲ್ ಅಂತಾರೆ. ಲೀಕ್ ಇರೋ ಹಾರ್ಟಿಗೆ ಲೆಕ್ಕ ಬೇರೆ, ಒಂದಿಷ್ಟು ರಕ್ತ ಹಿಂದಕ್ಕೆ ಸುಲಭವಾಗಿ ಹೋಗೋದರಿಂದ ಇಎಫ್ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಲೀಕ್ ಸಿವಿಯರ್ ಇದ್ದಾಗ ಇಎಫ್ 60ಕ್ಕೆ ಇಳಿದ್ರೆ, ಅಥವಾ ಹಾರ್ಟ್ ಕುಗ್ಗಿದಾಗಿನ ಅಳತೆ 40 ಮಿಲಿಮೀಟರ್ ಮುಟ್ಟಿದ್ರೆ ತ್ರಾಸು ಇಲ್ಲದಿದ್ರೂ ಆಪರೇಷನ್ ಮಾತು ಎತ್ತುತ್ತಾರೆ. ಹೆಣ್ಮಕ್ಕಳ ಹಾರ್ಟ್ ಗಾತ್ರದಲ್ಲೇ ಚಿಕ್ಕದು, ಆ 40 ಅವರಿಗೆ ತಡವಾಗಿ ಬರುತ್ತೆ, ಅದಕ್ಕೆ ಮೈ ಅಳತೆಗೆ ಹೋಲಿಸಿ ನೋಡಿ ಸರ್ ಅಂತ ನೀವೇ ಕೇಳಿ. ಅಕ್ಕಂದು ಸದ್ಯ ಮಾಡರೇಟ್, ಆದ್ರೆ ತ್ರಾಸು ಇದೆ, ಹಾಗಾಗಿ ಎಕ್ಸ್‌ಪರ್ಟ್ ಒಬ್ಬರು ಇನ್ನೊಂದ್ಸಲ ಎಕೋ ನೋಡೋದು ಒಳ್ಳೇದು. ಕಲಬುರಗಿ ಜಯದೇವ ಹಾರ್ಟ್ ಆಸ್ಪತ್ರೆ ನಿಮಗೆ ಬೆಂಗಳೂರಿಗಿಂತ ಹತ್ತಿರ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ರೆಫರಲ್ ಚೀಟಿ ಕೇಳಿ ಇಟ್ಕೊಳ್ಳಿ.

ಅಕ್ಕ, ಕಾಕಾ ಇಬ್ಬರಿಗೂ ಒಂದು ಮಾತು. ಹಲ್ಲು ಚೆನ್ನಾಗಿ ಇಟ್ಕೊಳ್ಳಿ, ಹಲ್ಲು ಕೀಳಿಸೋಕೆ ಹೋದ್ರೆ ವಾಲ್ವ್ ಲೀಕ್ ಇದೆ ಅಂತ ಮೊದಲೇ ಹೇಳಿ. ಕೆಟ್ಟ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಹಾಳಾದ ವಾಲ್ವ್ ಮೇಲೆ ಗೂಡು ಕಟ್ಟುತ್ತೆ, ವಾಲ್ವ್ ತೂತೇ ಬೀಳಬಹುದು. ಜ್ವರ ಒಂದು ವಾರ ಆದ್ರೂ ಬಿಡದಿದ್ರೆ ಊರಲ್ಲಿ ಗ್ಲೂಕೋಸ್ ಏರಿಸ್ಕೊಂಡು ಆಂಟಿಬಯೋಟಿಕ್ ಹೊಡೆಸ್ಕೊಂಡು ಕೂರಬೇಡಿ, ಆಂಟಿಬಯೋಟಿಕ್ ಮೊದಲೇ ಬಿದ್ರೆ ಬ್ಲಡ್ ಕಲ್ಚರಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಹುಡುಕೋ ಟೆಸ್ಟ್) ಏನೂ ಸಿಗದೇ ಹೋಗಬಹುದು.

ಕುಷ್ಟಗಿ ಮಾಸ್ತರು

ನಾನು ಪ್ರೈಮರಿ ಸಾಲಿ ಮಾಸ್ತರ್ರಿ. ಇದನ್ನ ಓದಿದ ಮ್ಯಾಲ ನಮ್ಮ ಹಾಸ್ಟೆಲ್ ಮಕ್ಕಳು ಕಣ್ಮುಂದ ಬಂದ್ರು, ಒಂದು ರೂಮಿನ್ಯಾಗ ಅಷ್ಟೊಂದು ಮಕ್ಕಳು ಮಲಗ್ತಾವ, ಒಬ್ಬನ ಗಂಟಲು ನೋವು ನಾಳೆ ನಾಲ್ಕು ಮಂದಿಗೆ. ಎಲ್ಲಾ ಗಂಟಲು ನೋವಿಗೂ ಇದೇ ಕಾರಣ ಇರ್ತೈತೇನು? ಮಕ್ಕಳ ಹಾರ್ಟ್ ಚೆಕ್ ಮಾಡಸಾಕ ಏನರ ವ್ಯವಸ್ಥಾ ಐತೇನು?

ಬಳ್ಳಾರಿ ಎಕೋ ರೂಮ್

ಎಲ್ಲದಕ್ಕೂ ಅಲ್ಲ ಮೇಷ್ಟ್ರೇ, ಹೆಚ್ಚಿನವು ವೈರಲ್, ನೆಗಡಿ ಕೆಮ್ಮು ಜೊತೆ ಬಂದು ತಾನಾಗೇ ಹೋಗುತ್ತೆ. ನೆಗಡಿ ಕೆಮ್ಮು ಇಲ್ಲದೆ ಜೋರು ಜ್ವರ, ನುಂಗೋಕೆ ಆಗದಷ್ಟು ನೋವು, ಗಂಟಲಲ್ಲಿ ಕೀವು, ಕುತ್ತಿಗೆಯಲ್ಲಿ ಗಡ್ಡೆ ಇದ್ರೆ ಪಿಎಚ್‌ಸಿಗೆ ಕಳಿಸಿ. ಶುರುವಾದ 9 ದಿನದೊಳಗೆ ಪೆನ್ಸಿಲಿನ್ ಬಿದ್ರೆ ರುಮ್ಯಾಟಿಕ್ ಜ್ವರ ಬರದ ಹಾಗೆ ತಡೀಬಹುದು, ಮಾತ್ರೆ ಕೊಟ್ರೆ 10 ದಿನ ಪೂರ್ತಿ ನುಂಗಿಸಬೇಕು, ಎರಡು ದಿನಕ್ಕೆ ಆರಾಮ ಆಯ್ತು ಅಂತ ನಿಲ್ಲಿಸಬಾರದು. ಕೀಲು ಬಾತು ಒಂದರಿಂದ ಇನ್ನೊಂದಕ್ಕೆ ಓಡಾಡಿದ್ರೆ, ಕೈಕಾಲು ತಾನಾಗಿ ಅಲುಗಿ ಅಕ್ಷರ ಕೆಟ್ಟು ಹೋದ್ರೆ, ನೋಟ್ ಬುಕ್ ನೋಡಿ ಮೊದಲು ಗೊತ್ತಾಗೋದು ನಿಮಗೇ, ಅದೂ ಇದೇ ಜ್ವರದ ಲಕ್ಷಣ, ಹುಡುಗಿಯರಲ್ಲಿ ಜಾಸ್ತಿ, ಬೈಯಬೇಡಿ, ತೋರಿಸಿ. ಶಾಲೆಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಬರುತ್ತಲ್ಲ, ಅವರು ನೋಡಬೇಕಾದ ಕಾಯಿಲೆಗಳಲ್ಲಿ ರುಮ್ಯಾಟಿಕ್ ಹಾರ್ಟೂ ಇದೆ, ಯಾವ ಮಗು ಆಟದಲ್ಲಿ ಬೇಗ ಸುಸ್ತಾಗುತ್ತೆ ಅಂತ ನೀವು ಹೆಸರು ಬರೆದಿಟ್ಟು ಕೊಟ್ರೆ ಅವರು ಸ್ಟೆತಸ್ಕೋಪ್ ಇಟ್ಟು ಸರಿಯಾಗಿ ಕೇಳ್ತಾರೆ.

ಸಿಂಧನೂರಿನವ

ಇವತ್ತು ತಾಲೂಕಾ ಆಸ್ಪತ್ರಿಯಾಗ ಅಕ್ಕಗ ಮೊದಲನೇ ಇಂಜೆಕ್ಷನ್ ಆತ್ರಿ, ಏನೂ ಆಗಲಿಲ್ಲ, ಕಾಲು ಎಳಕೊಂಡು ನಡ್ಯಾಕತ್ಯಾಳ ಅಷ್ಟ. ಮುಂದಿಂದು ಯಾವತ್ತು ಅಂತ ಕ್ಯಾಲೆಂಡರ್ ಮ್ಯಾಲ ಬರದೀವಿ. ಬೀಗರಿಗೆ ನಮ್ಮ ಮಾವನ ಫೋನ್ ಮಾಡಿ ಇದು ವಂಶದ್ದಲ್ಲ, ಸಣ್ಣಾಕಿ ಇದ್ದಾಗಿನ ಜ್ವರದ್ದು ಅಂತ ಹೇಳ್ಯಾನ. ಅಪ್ಪ ನನಗೇನಾಗ್ಯದ, ನಾ ಬರಂಗಿಲ್ಲ ಅಂತಾನ, ಕಾಕಾನ ಮಗ ಮಾತ್ರ ಈ ಶನಿವಾರ ಎಕೋ ಮಾಡಸ್ತಾನ, ಅವನ ಜೋಡಿ ಅಪ್ಪನ್ನೂ ಹೆಂಗರ ಮಾಡಿ ಕರಕೊಂಡು ಹೋಗ್ತೀನಿ. ರಿಪೋರ್ಟ್ ಬಂದ್ರ ಇಲ್ಲೇ ಹಾಕ್ತೀನಿ, ಅಯೋರ್ಟಾ ಅಳತಿ ನೋಡಿ ಹೇಳ್ರಿ ಅಕ್ಕಾರೆ.